ಜೈಲಿನ ಮೇಲೆ ಸರ್ಕಾರವೇ ಕೇಸು ಹಾಕಿದಾಗ: ರೈಕರ್ಸ್ ದ್ವೀಪದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕ್ ನಗರದ ರೈಕರ್ಸ್ ಜೈಲಿನ ಬಗ್ಗೆ, ಅಲ್ಲಿನ ಹಿಂಸೆಗಾಗಿ ಅಮೆರಿಕದ ಕೇಂದ್ರ ಸರ್ಕಾರ ನಗರದ ಮೇಲೆ ನಡೆಸಿದ ಕೇಸಿನ ಬಗ್ಗೆ ಎಲ್ಲಿ ಮಾತಾಡಿದರೂ, ಯಾರಿಗೆ ಬರೆದರೂ, ಸುತ್ತಿ ಸುತ್ತಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತನ್ನು ಹೆಚ್ಚು ತಿದ್ದದೆ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಗಂಟು ಬಿಡಿಸಬೇಕಾದದ್ದು ಆಮೇಲೆ. ಬೇಕಾದ್ದನ್ನಷ್ಟೇ ಆರಿಸಿ ಓದಿದರೂ ನಡೆಯುತ್ತದೆ.

## ಮೊದಲಿಗೆ

ಸರ್ಕಾರ ಸರ್ಕಾರದ ಮೇಲೇ ಕೇಸು ಹಾಕೋದಾ? ಇದೆಂಥ ತಮಾಷೆ?

ತಮಾಷೆಯಲ್ಲ. ಅಮೆರಿಕದಲ್ಲಿ ಸರ್ಕಾರ ಅನ್ನುವುದು ಒಂದಲ್ಲ. ವಾಷಿಂಗ್ಟನ್‌ನಲ್ಲಿ ಒಂದು, ಪ್ರತಿ ರಾಜ್ಯಕ್ಕೆ ಒಂದು, ಅದರ ಕೆಳಗೆ ಕೌಂಟಿ ಮತ್ತು ನಗರದ್ದು ಬೇರೆ. ಊರಿನ ಜೈಲನ್ನು ನಡೆಸುವುದು ಕೌಂಟಿ ಅಥವಾ ನಗರ. ಅದರ ಗೋಡೆಯೊಳಗೆ ದೇಶದ ಸಂವಿಧಾನ ಕೊಟ್ಟ ಹಕ್ಕು ಮುರಿದುಬಿದ್ದರೆ ಕೇಳಲು ಬರುವುದು ವಾಷಿಂಗ್ಟನ್‌ನ ನ್ಯಾಯಾಂಗ ಇಲಾಖೆ. ಕೋರ್ಟಿನ ಕಾಗದದ ಮೇಲೆ 'ಯುನೈಟೆಡ್ ಸ್ಟೇಟ್ಸ್' ವಾದಿ, ಊರಿನ ಆಡಳಿತ ಪ್ರತಿವಾದಿ. ನಮ್ಮ ಕಡೆ ರಾಜ್ಯ ರಾಜ್ಯಗಳು ನೀರಿಗಾಗಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲುವುದನ್ನು ನೋಡಿದವರಿಗೆ ಇದು ತೀರಾ ಹೊಸದೇನಲ್ಲ. ಇಲ್ಲಿ ಜಗಳ ನೀರಿಗಲ್ಲ, ಬೀಗ ಹಾಕಿದ ಕೋಣೆಯೊಳಗಿನ ಮನುಷ್ಯನಿಗಾಗಿ.

ಜೈಲ್ ಅಂದ್ರೂ ಪ್ರಿಸನ್ ಅಂದ್ರೂ ಒಂದೇ ಅಲ್ವಾ?

ಕನ್ನಡದಲ್ಲಿ ಎರಡಕ್ಕೂ ಜೈಲು ಎಂದೇ ಹೇಳುತ್ತೇವೆ. ಅಮೆರಿಕದಲ್ಲಿ ಎರಡೂ ಬೇರೆ. 'ಪ್ರಿಸನ್' ಶಿಕ್ಷೆಯಾದವರಿಗೆ, ರಾಜ್ಯ ಅಥವಾ ಕೇಂದ್ರ ನಡೆಸುವಂಥದ್ದು. 'ಜೈಲ್' ಊರಿನದು. ಬಂಧನವಾದವರು, ಜಾಮೀನಿನ ಹಣ ಹೊಂದಿಸಲಾಗದವರು, ವಿಚಾರಣೆಗೆ ಕಾಯುವವರು ಅಲ್ಲಿರುತ್ತಾರೆ. ಜೊತೆಗೆ ಸಣ್ಣ ಅವಧಿಯ ಶಿಕ್ಷೆ ಅನುಭವಿಸುವ ಕೆಲವರು. ಈ ವ್ಯತ್ಯಾಸ ಮುಂದೆ ತುಂಬಾ ಮುಖ್ಯವಾಗುತ್ತದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಈ ರೈಕರ್ಸ್ ಎಲ್ಲಿದೆ?

ಈಸ್ಟ್ ರಿವರ್‌ನಲ್ಲಿ, ಕ್ವೀನ್ಸ್ ಮತ್ತು ಬ್ರಾಂಕ್ಸ್ ನಡುವೆ. ಸುಮಾರು 400 ಎಕರೆಯ ದ್ವೀಪ. ನಗರ ಇದನ್ನು 1884ರಲ್ಲಿ ಕೊಂಡಿತು. ಜೈಲು ಶುರುವಾದದ್ದು 1930ರ ದಶಕದಲ್ಲಿ. ರಸ್ತೆಯಲ್ಲಿ ಹೋಗಲು ಕ್ವೀನ್ಸ್ ಕಡೆಯಿಂದ ಒಂದೇ ಸೇತುವೆ, 1966ರಲ್ಲಿ ಕಟ್ಟಿದ್ದು. ಲಾಗಾರ್ಡಿಯಾ ವಿಮಾನ ನಿಲ್ದಾಣದ ರನ್‌ವೇ ಪಕ್ಕದಲ್ಲೇ ಇದೆ. ಆ ನಿಲ್ದಾಣದಲ್ಲಿ ಇಳಿದ ನಮ್ಮವರಲ್ಲಿ ಎಷ್ಟೋ ಜನ ಕಿಟಕಿಯಿಂದ ಈ ದ್ವೀಪವನ್ನು ನೋಡಿರುತ್ತಾರೆ, ಅದೇನೆಂದು ತಿಳಿಯದೆ.

ತಪ್ಪು ಮಾಡಿ ಒಳಗೆ ಹೋದವರಿಗೆ ಇಷ್ಟೆಲ್ಲಾ ಉಪಚಾರ ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪ್ರಶ್ನೆಯ ಮೊದಲ ಅರ್ಧವೇ ಸರಿಯಿಲ್ಲ. ರೈಕರ್ಸ್‌ನಲ್ಲಿ ಇರುವವರಲ್ಲಿ ಬಹುಪಾಲು ಜನರ ಮೇಲೆ ಯಾವ ತಪ್ಪೂ ಇನ್ನೂ ಸಾಬೀತಾಗಿಲ್ಲ. ಅವರು ವಿಚಾರಣಾಧೀನರು. ನಾಳೆ ಕೋರ್ಟು ನಿರ್ದೋಷಿ ಎಂದು ಬಿಟ್ಟರೆ, ಅಷ್ಟರಲ್ಲಿ ಮುರಿದ ದವಡೆಯನ್ನು ಯಾರೂ ವಾಪಸ್ ಜೋಡಿಸಿಕೊಡುವುದಿಲ್ಲ. ಇನ್ನು ಶಿಕ್ಷೆಯಾದವನ ವಿಷಯಕ್ಕೆ ಬಂದರೂ, ಜಡ್ಜ್ ಕೊಟ್ಟದ್ದು ಇಷ್ಟು ತಿಂಗಳ ಸೆರೆ. ತಲೆಗೆ ಬೂಟಿನೇಟು ಅಂತ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

## ಕಾನೂನಿನ ಮಾತು

ಯಾವ ಕಾನೂನು ಇಟ್ಟುಕೊಂಡು ಕೇಸು ಹಾಕ್ತಾರೆ?

'ಸಿವಿಲ್ ರೈಟ್ಸ್ ಆಫ್ ಇನ್‌ಸ್ಟಿಟ್ಯೂಷನಲೈಸ್ಡ್ ಪರ್ಸನ್ಸ್ ಆಕ್ಟ್', 1980ರದು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು. ವಕೀಲರ ಬಾಯಲ್ಲಿ ಚಿಕ್ಕದಾಗಿ 'ಕ್ರಿಪಾ'. ಕನ್ನಡದ ಕಿವಿಗೆ 'ಕೃಪಾ' ಎಂದೇ ಕೇಳುತ್ತದೆ. ಕೃಪೆಗೂ ಇದಕ್ಕೂ ಸಂಬಂಧವಿಲ್ಲ, ಇದು ಹಕ್ಕಿನ ಕಾನೂನು.

ಇದು ಹುಟ್ಟಿದ್ದಕ್ಕೆ ಒಂದು ಹಿನ್ನೆಲೆ ಇದೆ. 1970ರ ದಶಕದಲ್ಲಿ ಕೇಂದ್ರ ಸರ್ಕಾರ ಮೇರಿಲ್ಯಾಂಡ್ ಮತ್ತು ಮೊಂಟಾನಾ ರಾಜ್ಯಗಳ ಬುದ್ಧಿಮಾಂದ್ಯರ ಆಶ್ರಯಗಳ ಮೇಲೆ ಕೇಸು ಹಾಕಿತ್ತು. ಕೋರ್ಟುಗಳು 'ಹೀಗೆ ಕೇಸು ಹಾಕುವ ಅಧಿಕಾರವನ್ನು ಸಂಸತ್ತು ನಿಮಗೆ ಕೊಟ್ಟಿಲ್ಲ' ಎಂದು ವಾಪಸ್ ಕಳಿಸಿದವು. ಆ ಅಧಿಕಾರ ಕೊಡಲೆಂದೇ ಕಾನೂನು ಬಂತು. ಆದ್ದರಿಂದಲೇ ಇದರ ವ್ಯಾಪ್ತಿಗೆ ಜೈಲಷ್ಟೇ ಅಲ್ಲ, ಸರ್ಕಾರಿ ಮಾನಸಿಕ ಆಸ್ಪತ್ರೆ, ವೃದ್ಧರ ಆರೈಕೆ ಕೇಂದ್ರ, ಬಾಲಕರ ಬಂಧನ ಗೃಹ ಎಲ್ಲವೂ ಬರುತ್ತವೆ. ತಮಾಷೆಯೆಂದರೆ ಕೇಂದ್ರ ಸರ್ಕಾರ ತಾನೇ ನಡೆಸುವ ಜೈಲುಗಳು ಮಾತ್ರ ಬರುವುದಿಲ್ಲ!

ಇದರ ಜೊತೆಗೆ 1994ರ ಅಪರಾಧ ಕಾನೂನಿನ ಒಂದು ಸೆಕ್ಷನ್ ಕೂಡ ಇದೆ. ಪೊಲೀಸರು ಮತ್ತು ಬಾಲನ್ಯಾಯ ಸಂಸ್ಥೆಗಳು ಹಕ್ಕು ಮುರಿದರೆ ಆ ಸೆಕ್ಷನ್ ಬಳಸುತ್ತಾರೆ. ರೈಕರ್ಸ್ ತನಿಖೆಯಲ್ಲಿ ಎರಡೂ ಬಳಕೆಯಾದವು.

ಒಬ್ಬ ಕೈದಿಗೆ ಏಟು ಬಿದ್ದರೆ ಸಾಕಾ, ಕೇಂದ್ರ ಓಡಿ ಬರುತ್ತಾ?

ಇಲ್ಲ. ಒಂದು ಘಟನೆಗೆ ಬರುವುದಿಲ್ಲ. ಅದೇ ಬಗೆಯ ತಪ್ಪು ಮತ್ತೆ ಮತ್ತೆ ನಡೆಯುತ್ತಿದೆ, ಅದೇ ಅಲ್ಲಿನ ರೂಢಿಯಾಗಿಬಿಟ್ಟಿದೆ ಎಂದು ತೋರಿಸಬೇಕು. ಮೊದಲು ತನಿಖೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಬರೆದು ಊರಿನ ಆಡಳಿತಕ್ಕೆ ಪತ್ರ: ಇಂತಿಂಥ ತಪ್ಪು, ಇದಕ್ಕೆ ಇಂತಿಂಥ ಪರಿಹಾರ. ಆ ಪತ್ರ ಕೊಟ್ಟು ಕನಿಷ್ಠ 49 ದಿನ ಕಾಯಬೇಕು. ಅಷ್ಟರೊಳಗೆ ಸರಿಮಾಡಿಕೊಂಡರೆ ಕೇಸಿಲ್ಲ. ಇಲ್ಲದಿದ್ದರೆ ನ್ಯಾಯಾಂಗ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಸ್ವತಃ ಸಹಿ ಹಾಕಿ ಕೋರ್ಟಿಗೆ ಹೋಗಬಹುದು.

ಕೇಸು ಗೆದ್ದರೆ ಕೈದಿಗೆ ಎಷ್ಟು ದುಡ್ಡು ಸಿಗುತ್ತೆ?

ಈ ಕೇಸಿನಿಂದ ಒಂದು ಪೈಸೆಯೂ ಇಲ್ಲ. ಸರ್ಕಾರ ಇದರಲ್ಲಿ ಕೇಳಬಹುದಾದದ್ದು 'ಜೈಲನ್ನು ಸರಿಮಾಡಿ' ಎಂಬ ಆದೇಶ ಮಾತ್ರ. ಪರಿಹಾರದ ಹಣ ಬೇಕಿದ್ದರೆ ಕೈದಿಯೋ ಮನೆಯವರೋ ಬೇರೆ ಕೇಸು ಹಾಕಬೇಕು.

ಹೊಡೆದ ಗಾರ್ಡ್ ಜೈಲಿಗೆ ಹೋಗ್ತಾನಾ?

ಈ ಸಿವಿಲ್ ಕೇಸಿನಲ್ಲಿ ಇಲ್ಲ. ಅದಕ್ಕೆ ಕ್ರಿಮಿನಲ್ ದಾರಿ ಬೇರೆ ಇದೆ, ಅಪರೂಪಕ್ಕೆ ಅದೂ ನಡೆಯುತ್ತದೆ. 2012ರ ಡಿಸೆಂಬರ್‌ನಲ್ಲಿ ರೈಕರ್ಸ್‌ನ ಗಾರ್ಡ್ ಒಬ್ಬ, ನೆಲಕ್ಕೆ ಕೆಡವಿ ಹಿಡಿದಿದ್ದ ಕಾಯಿಲೆಯ ಕೈದಿಯ ತಲೆಗೆ ಒದ್ದು ಕೊಂದ. 2017ರಲ್ಲಿ ಅವನಿಗೆ 30 ವರ್ಷ ಶಿಕ್ಷೆಯಾಯಿತು. ಆರೋಪಗಳಲ್ಲಿ ಸುಳ್ಳು ವರದಿ ಬರೆದದ್ದೂ ಸೇರಿತ್ತು.

## ರೈಕರ್ಸ್ ಕೇಸು

ತನಿಖೆಯಲ್ಲಿ ನಿಜವಾಗಿ ಏನು ಸಿಕ್ಕಿತು? ಸುಮ್ನೆ ದೊಡ್ಡದು ಮಾಡಿದ್ದಾ?

ತನಿಖೆ ನಡೆಸಿದ್ದು ನ್ಯೂಯಾರ್ಕ್ ದಕ್ಷಿಣ ಜಿಲ್ಲೆಯ ಕೇಂದ್ರ ಸರ್ಕಾರಿ ವಕೀಲ ಪ್ರೀತ್ ಭರಾರಾ ಅವರ ಕಚೇರಿ. 2012ರಲ್ಲಿ ಶುರುವಾಗಿ, 2014ರ ಆಗಸ್ಟ್ 4ರಂದು 79 ಪುಟದ ವರದಿ ಹೊರಬಂತು. ನೋಡಿದ್ದು 16ರಿಂದ 18 ವಯಸ್ಸಿನ ಹುಡುಗರನ್ನು ಮಾತ್ರ. ಆಗ ನ್ಯೂಯಾರ್ಕ್ ರಾಜ್ಯದಲ್ಲಿ 16 ತುಂಬಿದವನನ್ನು ದೊಡ್ಡವರಂತೆಯೇ ವಿಚಾರಣೆ ಮಾಡುತ್ತಿದ್ದರು, ದೊಡ್ಡವರ ಜೈಲಿಗೇ ಹಾಕುತ್ತಿದ್ದರು.

ಅಂಕಿಗಳು ಹೀಗಿವೆ. 2012ರ ಅಕ್ಟೋಬರ್‌ನಲ್ಲಿ ಒಳಗಿದ್ದ ಹುಡುಗರಲ್ಲಿ ನೂರಕ್ಕೆ 44 ಮಂದಿಯ ಮೇಲೆ ಸಿಬ್ಬಂದಿ ಒಮ್ಮೆಯಾದರೂ ಬಲಪ್ರಯೋಗ ಮಾಡಿದ್ದರು. 2013ರ ಆರ್ಥಿಕ ವರ್ಷದಲ್ಲಿ ಹುಡುಗರಿದ್ದ ಎರಡು ಕಟ್ಟಡಗಳಲ್ಲಿ ಲೆಕ್ಕಕ್ಕೆ ಬಂದ ಬಲಪ್ರಯೋಗ 565, ಅವುಗಳಲ್ಲಿ ಆದ ಗಾಯ 1,057. 'ಲೆಕ್ಕಕ್ಕೆ ಬಂದ' ಅನ್ನುವ ಮಾತನ್ನು ಬೇಕೆಂದೇ ಹೇಳಿದೆ. ನನ್ನ ಮಟ್ಟಿಗೆ ಈ ವರದಿಯ ಜೀವ ಇರುವುದು ಏಟಿನ ಸಂಖ್ಯೆಯಲ್ಲಲ್ಲ, ಏಟು ಲೆಕ್ಕದಿಂದ ಹೇಗೆ ಜಾರಿಕೊಳ್ಳುತ್ತಿತ್ತು ಎಂಬ ವಿವರದಲ್ಲಿ.

ಹುಡುಗನಿಗೆ ಹೊಡೆದ ಮೇಲೆ ಗಾರ್ಡ್ ಹೇಳುತ್ತಿದ್ದ ಒಂದು ಮಾತಿತ್ತು: 'ಹೋಲ್ಡ್ ಇಟ್ ಡೌನ್'. ಅಂದರೆ ಬಾಯಿ ಮುಚ್ಕೊಂಡಿರು, ಯಾರಿಗೂ ಹೇಳಬೇಡ. ಡಾಕ್ಟರ ಮುಂದೆ ಹುಡುಗ ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎನ್ನಬೇಕು. ಇನ್ನೊಂದು ಮಾತು 'ಸ್ಟಾಪ್ ರೆಸಿಸ್ಟಿಂಗ್', ತಿರುಗಿ ಬೀಳಬೇಡ ಅಂತ. ಹುಡುಗ ನೆಲದ ಮೇಲೆ ಸುಮ್ಮನೆ ಬಿದ್ದಿದ್ದರೂ ಹೊಡೆಯುವವರು ಇದನ್ನು ಕೂಗುತ್ತಿದ್ದರು. ಕೇಳಿಸಿಕೊಂಡವರು ಹುಡುಗನೇ ಜಗಳಕ್ಕೆ ನಿಂತಿದ್ದ ಎಂದುಕೊಳ್ಳಲಿ ಅಂತ. ಏಟು ಜಾಸ್ತಿ ಬೀಳುತ್ತಿದ್ದ ಜಾಗಗಳು ಯಾವುವು ಗೊತ್ತಾ? ಕ್ಯಾಮೆರಾ ಇಲ್ಲದವು. ತಪಾಸಣೆ ಕೋಣೆ, ಕ್ಲಿನಿಕ್, ಶಾಲೆಯ ತರಗತಿ ಕೂಡ. ಕ್ಯಾಮೆರಾ ಇದ್ದ ಕಡೆಯ ವಿಡಿಯೋಗಳಲ್ಲಿ ಹಲವು ಆಮೇಲೆ ಕಾಣೆಯಾಗಿದ್ದವು. ಸಿಬ್ಬಂದಿ ಬರೆದ ವರದಿಗಳು ಒಂದರ ಮಗ್ಗುಲಲ್ಲಿ ಇನ್ನೊಂದಿಟ್ಟರೆ ಅದೇ ಪದ, ಅದೇ ವಾಕ್ಯ. ಪರೀಕ್ಷೆಯಲ್ಲಿ ಒಬ್ಬರನ್ನು ನೋಡಿ ಇನ್ನೊಬ್ಬರು ಕಾಪಿ ಹೊಡೆದ ಹಾಗೆ.

ಮೇಲಿಂದ ಒಂಟಿ ಸೆಲ್‌ನ ಶಿಕ್ಷೆ. 2013ರಲ್ಲಿ ಯಾವ ದಿನ ನೋಡಿದರೂ ಹುಡುಗರಲ್ಲಿ ನೂರಕ್ಕೆ 15ರಿಂದ 25 ಮಂದಿ ಅದರಲ್ಲಿ ಇರುತ್ತಿದ್ದರು. ದಿನಕ್ಕೆ 23 ಗಂಟೆ ಒಬ್ಬನೇ. ದೊಡ್ಡದು ಮಾಡಿದ್ದಾ ಎಂದು ನೀವೇ ಹೇಳಿ.

ಬ್ಯಾಗ್ ಕದ್ದ ಆರೋಪದ ಮೇಲೆ ಮೂರು ವರ್ಷ ಇದ್ದ ಹುಡುಗನ ಕಥೆ ಇದೇ ಕೇಸಾ?

ಅಲ್ಲ, ಆದರೆ ಅದೇ ದ್ವೀಪ, ಅದೇ ಕಾಲ. ಕಲೀಫ್ ಬ್ರೌಡರ್ 2010ರಲ್ಲಿ, 16ನೇ ವಯಸ್ಸಿನಲ್ಲಿ, ಬೆನ್ನುಚೀಲ ಕದ್ದ ಆರೋಪದ ಮೇಲೆ ಬಂಧನವಾದ. ಜಾಮೀನು 3,000 ಡಾಲರ್. ಮನೆಯವರಿಗೆ ಹೊಂದಿಸಲಾಗಲಿಲ್ಲ. ತಪ್ಪೊಪ್ಪಿಕೋ, ಬಿಡುತ್ತೇವೆ ಎಂದರೂ ಹುಡುಗ ಒಪ್ಪಲಿಲ್ಲ. ಮೂರು ವರ್ಷ ಒಳಗಿದ್ದ, ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಸೆಲ್‌ನಲ್ಲಿ. ವಿಚಾರಣೆ ನಡೆಯಲೇ ಇಲ್ಲ, 2013ರಲ್ಲಿ ಕೇಸು ವಜಾ ಆಯಿತು. 2015ರ ಜೂನ್‌ನಲ್ಲಿ ಅವನು ಮನೆಯಲ್ಲಿ ಪ್ರಾಣ ಕಳೆದುಕೊಂಡ. ಮನೆಯವರು ಹಾಕಿದ ಬೇರೆ ಕೇಸಿನಲ್ಲಿ ನಗರ 2019ರಲ್ಲಿ 33 ಲಕ್ಷ ಡಾಲರ್ ಕೊಡಲು ಒಪ್ಪಿತು.

ಸರ್ಕಾರದ ವರದಿ ನೂರಾರು ಹುಡುಗರ ಬಗ್ಗೆ ಇತ್ತು. ಜನರ ಮನಸ್ಸಿಗೆ ತಾಗಿದ್ದು ಈ ಒಬ್ಬನ ಕಥೆ. ರಾಜ್ಯದ ಕಾನೂನು 2017ರಲ್ಲಿ ಬದಲಾಗಿ, 2018ರ ಅಕ್ಟೋಬರ್ ಹೊತ್ತಿಗೆ 16–17ರ ಹುಡುಗರನ್ನು ರೈಕರ್ಸ್‌ನಿಂದ ಹೊರಗೆ ಸಾಗಿಸಿದ್ದರ ಹಿಂದೆ ಎರಡೂ ಇದ್ದವು.

'ನೂನ್ಯೆಸ್' ಕೇಸು ಅಂತಾರಲ್ಲ, ಅದರಲ್ಲಿ ಸರ್ಕಾರ ಎಲ್ಲಿಂದ ಬಂತು?

ಮೊದಲು ಕೋರ್ಟಿಗೆ ಹೋದವರು ಕೈದಿಗಳೇ. 'ನೂನ್ಯೆಸ್ ವರ್ಸಸ್ ಸಿಟಿ ಆಫ್ ನ್ಯೂಯಾರ್ಕ್' 2011ರಲ್ಲಿ ದಾಖಲಾದದ್ದು. ಬಡವರ ಕೇಸು ನಡೆಸುವ ಲೀಗಲ್ ಏಡ್ ಸೊಸೈಟಿಯ ವಕೀಲರು ಅದನ್ನು ಎಲ್ಲ ಕೈದಿಗಳ ಪರವಾದ ಸಾಮೂಹಿಕ ಕೇಸಾಗಿ ಬೆಳೆಸಿದರು. ತನಿಖೆಯ ವರದಿ ಬಂದ ಮೇಲೆ ನಗರದೊಂದಿಗೆ ಮಾತುಕತೆ ಸಾಕಷ್ಟು ಬೇಗ ಸಾಗಲಿಲ್ಲ. 2014ರ ಡಿಸೆಂಬರ್‌ನಲ್ಲಿ ನ್ಯಾಯಾಂಗ ಇಲಾಖೆ ಹೊಸ ಕೇಸು ಹಾಕುವ ಬದಲು ಇದೇ ಕೇಸಿನಲ್ಲಿ ತಾನೂ ವಾದಿಯಾಗಿ ಸೇರಿಕೊಳ್ಳಲು ಅರ್ಜಿ ಹಾಕಿತು. ನಡೆಯುತ್ತಿದ್ದ ಬಂಡಿಗೆ ಹೆಗಲು ಕೊಟ್ಟ ಹಾಗೆ.

ಕನ್ಸೆಂಟ್ ಡಿಕ್ರಿ ಅಂದ್ರೆ ರಾಜಿ ತಾನೇ? ರಾಜಿ ಮಾಡಿಕೊಂಡು ಕೈ ತೊಳೆದುಕೊಂಡ್ರಾ?

ರಾಜಿಯೇ, ಆದರೆ ಹಲ್ಲಿರುವ ರಾಜಿ. ಎರಡೂ ಕಡೆಯವರು ಒಪ್ಪಿ ಬರೆದದ್ದಕ್ಕೆ ಜಡ್ಜ್ ಸಹಿ ಬಿದ್ದರೆ ಅದು ಕೋರ್ಟಿನ ಆದೇಶವಾಗುತ್ತದೆ. ಮುರಿದರೆ ನ್ಯಾಯಾಂಗ ನಿಂದನೆ. ರೈಕರ್ಸ್‌ನ ಡಿಕ್ರಿಗೆ ಜಡ್ಜ್ ಲಾರಾ ಟೇಲರ್ ಸ್ವೇನ್ 2015ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ಬಲಪ್ರಯೋಗಕ್ಕೆ ಹೊಸ ನಿಯಮ, ಸಾವಿರಾರು ಹೊಸ ಕ್ಯಾಮೆರಾ, ಪ್ರತಿ ಘಟನೆಯ ವರದಿಗೆ ಗಡುವು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆಯುವಂತಿಲ್ಲ ಎಂಬ ಕಟ್ಟಪ್ಪಣೆ, ತನಿಖೆ, ಶಿಸ್ತುಕ್ರಮ. ವರದಿಯಲ್ಲಿ ಕಂಡ ಒಂದೊಂದು ತೂತಿಗೂ ಒಂದೊಂದು ತೇಪೆ.

ಮಾನಿಟರ್ ಅಂದ್ರೆ ಯಾರು? ಅವರಿಗೇನು ಅಧಿಕಾರ?

ಕೋರ್ಟು ನೇಮಿಸಿದ ಕಣ್ಣು. ಇಲ್ಲಿ ಆ ಕೆಲಸ ಸ್ಟೀವ್ ಮಾರ್ಟಿನ್ ಅವರದು. ಟೆಕ್ಸಾಸ್ ಜೈಲಿನಲ್ಲಿ ಗಾರ್ಡ್ ಆಗಿ ಶುರುಮಾಡಿ, ಆಮೇಲೆ ಅಲ್ಲಿನ ಜೈಲು ಇಲಾಖೆಗೇ ವಕೀಲರಾಗಿದ್ದವರು. ಹಾಗಾಗಿ ಒಳಗಿನ ಆಟ ಗೊತ್ತು. ಮಾನಿಟರ್ ಯಾರನ್ನೂ ವಜಾ ಮಾಡುವಂತಿಲ್ಲ, ಆದೇಶ ಕೊಡುವಂತಿಲ್ಲ. ಒಳಗೆ ಹೋಗಿ ನೋಡಿ, ವಿಡಿಯೋ ನೋಡಿ, ಲೆಕ್ಕ ಹಾಕಿ ಕೋರ್ಟಿಗೆ ಬರೆಯಬೇಕು ಅಷ್ಟೆ.

ಅಷ್ಟೇ ಎಂದರೂ ಅದೇ ದೊಡ್ಡದು. 2023ರ ಮೇ ತಿಂಗಳಲ್ಲಿ ಅವರು ಒಂದು ವಿಶೇಷ ವರದಿ ಕೊಟ್ಟರು. ಐದು ಗಂಭೀರ ಘಟನೆಗಳನ್ನು ನಗರದ ಜೈಲು ಇಲಾಖೆ ತಮಗೆ ಸಮಯಕ್ಕೆ ತಿಳಿಸಿರಲೇ ಇಲ್ಲ ಎಂದು. ಅದೇ ಹೊತ್ತಿಗೆ ಇಲಾಖೆ, ಕೈದಿ ಸತ್ತರೆ ಪತ್ರಿಕೆಗಳಿಗೆ ತಾನಾಗಿ ತಿಳಿಸುವುದನ್ನೂ ನಿಲ್ಲಿಸಿತು. 'ಹೋಲ್ಡ್ ಇಟ್ ಡೌನ್' ಹುಡುಗರ ಬ್ಯಾರಕ್‌ನಿಂದ ಮೇಲಧಿಕಾರಿಗಳ ಮೇಜಿಗೆ ಏರಿತ್ತು.

ಇಷ್ಟು ವರ್ಷ ಆಯ್ತಲ್ಲ, ಯಾಕೆ ಸರಿಹೋಗಿಲ್ಲ? ದುಡ್ಡಿಲ್ವಾ?

ದುಡ್ಡಿಗೇನೂ ಬರವಿಲ್ಲ. ನಗರದ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿದ ಹಾಗೆ 2021ರ ಆರ್ಥಿಕ ವರ್ಷದಲ್ಲಿ ಒಬ್ಬ ಕೈದಿಗೆ ವರ್ಷಕ್ಕೆ ಆದ ಖರ್ಚು 5,56,539 ಡಾಲರ್. ಸಿಬ್ಬಂದಿಗೂ ಬರವಿಲ್ಲ, ಕೈದಿಗಳಿಗಿಂತ ಸಿಬ್ಬಂದಿಯೇ ಹೆಚ್ಚಿದ್ದ ವರ್ಷಗಳಿವೆ. ಬರ ಇದ್ದದ್ದು ಕೆಲಸಕ್ಕೆ ಬರುವವರಿಗೆ. ಅಲ್ಲಿನ ಸಮವಸ್ತ್ರದ ಸಿಬ್ಬಂದಿಗೆ ಕಾಯಿಲೆ ರಜೆಗೆ ಮಿತಿಯಿಲ್ಲ. 2021ರಲ್ಲಿ ಕೋವಿಡ್ ನಡುವೆ ಸುಮಾರು ಮೂರರಲ್ಲೊಂದು ಭಾಗ ಜನ ಕೆಲಸಕ್ಕೆ ಸಿಗದ ದಿನಗಳಿದ್ದವು. ಇಡೀ ಬ್ಯಾರಕ್‌ಗೆ ಒಬ್ಬ ಗಾರ್ಡೂ ಇಲ್ಲ. ಊಟ ಕೊಡುವವರಿಲ್ಲ, ಡಾಕ್ಟರ ಹತ್ತಿರ ಕರೆದೊಯ್ಯುವವರಿಲ್ಲ. ಕೆಟ್ಟ ಬೀಗದ ಬಾಗಿಲುಗಳಿಂದ ಕೈದಿಗಳು ತಾವೇ ಓಡಾಡಿಕೊಂಡಿದ್ದರು. 2022ರಲ್ಲಿ ಕಸ್ಟಡಿಯಲ್ಲಿದ್ದಾಗ ಅಥವಾ ಬಿಟ್ಟ ತಕ್ಷಣ ಸತ್ತವರು 19 ಮಂದಿ.

ಇನ್ನೊಂದು ಕಾರಣ ನಾನು ಕಂಡ ಹಾಗೆ: ಮೇಯರ್ ಬದಲಾದಂತೆ ಜೈಲು ಇಲಾಖೆಯ ಕಮಿಷನರ್ ಬದಲಾಗುತ್ತಾರೆ. ಹೊಸಬರು ಬಂದು 'ನನಗೆ ಸ್ವಲ್ಪ ಸಮಯ ಕೊಡಿ' ಎನ್ನುತ್ತಾರೆ. ಕೋರ್ಟು ಕೊಡುತ್ತದೆ. ಅಷ್ಟರಲ್ಲಿ ಅವರೂ ಹೊರಟಿರುತ್ತಾರೆ. ಗಾರ್ಡುಗಳ ಯೂನಿಯನ್ ಮಾತ್ರ ಅಲ್ಲೇ ಇರುತ್ತದೆ. ಯೂನಿಯನ್‌ನ ಮಾತಿನಲ್ಲೂ ಸುಳ್ಳೇ ಇದೆ ಎನ್ನುವಂತಿಲ್ಲ. ಗಾರ್ಡುಗಳ ಮೇಲೂ ಹಲ್ಲೆಯಾಗುತ್ತದೆ, ಎರಡು ಮೂರು ಪಾಳಿ ಒಟ್ಟಿಗೆ ನಿಲ್ಲಿಸಿದ ದಿನಗಳೂ ಇದ್ದವು.

ಈಗ ಜೈಲನ್ನು ಕೋರ್ಟೇ ತೆಗೆದುಕೊಂಡಿದೆ ಅಂತಾರೆ. ನಿಜವಾ?

ಪೂರ್ತಿ ಅಲ್ಲ, ಬಹುಮಟ್ಟಿಗೆ ಹೌದು. 2023ರ ನವೆಂಬರ್‌ನಲ್ಲಿ ಕೈದಿಗಳ ವಕೀಲರು ಮತ್ತು ನ್ಯಾಯಾಂಗ ಇಲಾಖೆ ಎರಡೂ ಸೇರಿ ರಿಸೀವರ್, ಅಂದರೆ ನಗರದ ಬದಲು ಕೋರ್ಟಿನ ಪರವಾಗಿ ಜೈಲು ನಡೆಸುವವರನ್ನು, ನೇಮಿಸಿ ಎಂದು ಕೇಳಿದರು. 2024ರ ನವೆಂಬರ್ 27ರಂದು ಜಡ್ಜ್ ಸ್ವೇನ್, ನಗರ 18 ಅಂಶಗಳಲ್ಲಿ ನ್ಯಾಯಾಂಗ ನಿಂದನೆ ಮಾಡಿದೆ ಎಂದರು. ಡಿಕ್ರಿ ಬಂದ ಕಾಲಕ್ಕಿಂತ ಒಳಗೆ ಅಪಾಯ ಕಡಿಮೆಯಾಗಿಲ್ಲ, ಹೆಚ್ಚಾಗಿದೆ ಎಂಬುದು ಅವರ ಮಾತಿನ ಸಾರ. 2025ರ ಮೇ 13ರಂದು 'ರೆಮಿಡಿಯೇಷನ್ ಮ್ಯಾನೇಜರ್' ಎಂಬ ಹುದ್ದೆಗೆ ಆದೇಶ ಮಾಡಿದರು. ಈ ಮ್ಯಾನೇಜರ್ ಮೇಯರ್‌ಗೆ ಅಲ್ಲ, ನೇರ ಕೋರ್ಟಿಗೆ ಉತ್ತರಿಸಬೇಕು. ಬಲಪ್ರಯೋಗ, ಸಿಬ್ಬಂದಿ ಹಂಚಿಕೆ, ಶಿಸ್ತುಕ್ರಮದಂಥ ವಿಷಯಗಳಲ್ಲಿ ಕೈಹಾಕುವ ಅಧಿಕಾರ ಅವರಿಗಿದೆ. ಕಮಿಷನರ್ ಹುದ್ದೆಯೂ ಉಳಿದಿದೆ. ಒಂದೇ ಮನೆಗೆ ಇಬ್ಬರು ಯಜಮಾನರು. ಹೇಗೆ ನಡೆಯುತ್ತದೋ ನೋಡಬೇಕು.

## ಇನ್ನೂ ಆಳಕ್ಕೆ

ವಿಚಾರಣಾಧೀನನಿಗೆ ಒಂದು ಅಳತೆ, ಶಿಕ್ಷೆಯಾದವನಿಗೆ ಇನ್ನೊಂದು ಅಂತೆ. ಅದೇನು?

ಶಿಕ್ಷೆಯಾದವನನ್ನು ಕಾಯುವುದು ಸಂವಿಧಾನದ 8ನೇ ತಿದ್ದುಪಡಿ: ಕ್ರೂರ ಶಿಕ್ಷೆ ಕೂಡದು. ಅವನು ಹೊಡೆತದ ಕೇಸಾದರೆ ಅಧಿಕಾರಿಯ ಮನಸ್ಸಿನಲ್ಲಿದ್ದ ಕೇಡನ್ನು, ಜೈಲಿನ ಸ್ಥಿತಿಯ ಕೇಸಾದರೆ ಅಪಾಯ ತಿಳಿದೂ ಅಸಡ್ಡೆ ಮಾಡಿದ್ದನ್ನು ತೋರಿಸಬೇಕು. ವಿಚಾರಣಾಧೀನನಿಗೆ ಶಿಕ್ಷೆ ಅನ್ನುವುದೇ ಕೂಡದು, ಕ್ರೂರವೋ ಅಲ್ಲವೋ ಎಂಬ ಮಾತೇ ಏಳುವುದಿಲ್ಲ. ಇದನ್ನು ಅಮೆರಿಕದ ಸುಪ್ರೀಂ ಕೋರ್ಟು 1979ರಲ್ಲಿ ಹೇಳಿತು. 2015ರ ಕಿಂಗ್ಸ್‌ಲಿ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ವಿಚಾರಣಾಧೀನ, ಬಳಸಿದ ಬಲ ಆ ಸಂದರ್ಭಕ್ಕೆ ಮಿತಿಮೀರಿತ್ತು ಎಂದು ತೋರಿಸಿದರೆ ಸಾಕು. ಹೊಡೆದವನ ಮನಸ್ಸನ್ನು ಬಗೆದು ತೋರಿಸಬೇಕಿಲ್ಲ.

ಕೈದಿಗಳು ತಾವೇ ಕೇಸು ಹಾಕಬಹುದಲ್ಲ, ಸರ್ಕಾರ ಯಾಕೆ ಬೇಕು?

ಹಾಕಬಹುದು, ದಾರಿ ತುಂಬಾ ಮುಳ್ಳು. 1996ರಲ್ಲಿ ಬಂದ ಕಾನೂನಿನ ಪ್ರಕಾರ ಕೈದಿ ಮೊದಲು ಜೈಲಿನ ಒಳಗಿನ ದೂರಿನ ವ್ಯವಸ್ಥೆಯ ಎಲ್ಲ ಮೆಟ್ಟಿಲನ್ನೂ ಹತ್ತಿ ಮುಗಿಸಿರಬೇಕು. ಫಾರಂ ಒಂದು ದಿನ ತಡವಾದರೂ ಕೇಸು ಬೀಳಬಹುದು. ಯಾರು ಹೊಡೆದರೋ ಅವರ ಕೈಗೇ ದೂರಿನ ಫಾರಂ ಕೊಡಬೇಕಾದ ಪರಿಸ್ಥಿತಿಯೂ ಇರುತ್ತದೆ. ವಕೀಲರ ಶುಲ್ಕಕ್ಕೂ ಮಿತಿ ಹಾಕಿದೆ, ಹಾಗಾಗಿ ಖಾಸಗಿ ವಕೀಲರು ಹಿಂಜರಿಯುತ್ತಾರೆ. ನ್ಯಾಯಾಂಗ ಇಲಾಖೆಗೆ ಈ ತೊಡಕುಗಳಿಲ್ಲ. ಆದರೆ ಅದೇ ಕಾನೂನಿನ ಇನ್ನೊಂದು ಅಂಶ ಇಬ್ಬರನ್ನೂ ಕಟ್ಟುತ್ತದೆ: ಆದೇಶವಾಗಿ ಎರಡು ವರ್ಷದ ಮೇಲೆ ಜೈಲಿನವರು 'ಇದನ್ನು ತೆಗೆಯಿರಿ' ಎಂದು ಕೇಳಬಹುದು. ತಪ್ಪು ಈಗಲೂ ನಡೆಯುತ್ತಿದೆ ಎಂದು ಆಗ ಮತ್ತೆ ತೋರಿಸಬೇಕು.

ಎಲ್ಲಾದರೂ ಇದು ಗೆದ್ದಿದೆಯಾ?

ಶಿಕಾಗೋದ ಕುಕ್ ಕೌಂಟಿ ಜೈಲು. 2008ರಲ್ಲಿ ಖಾರವಾದ ವರದಿ, 2010ರಲ್ಲಿ ಒಪ್ಪಂದ, 2017ರಲ್ಲಿ ಕೋರ್ಟು ಮೇಲ್ವಿಚಾರಣೆಯಿಂದ ಬಿಟ್ಟಿತು. ಏಳು ವರ್ಷ ಹಿಡಿಯಿತು, ಆದರೂ ಮುಗಿಯಿತು.

ಅಟ್ಲಾಂಟಾದ ಫುಲ್ಟನ್ ಕೌಂಟಿ ಜೈಲಿನದು ಈಗಷ್ಟೇ ಶುರು. 2022ರಲ್ಲಿ ಮಾನಸಿಕ ರೋಗಿಗಳ ವಿಭಾಗದಲ್ಲಿದ್ದ ಒಬ್ಬ ಕೈದಿ, ಮೈತುಂಬ ಕೀಟ ಕಚ್ಚಿದ ಗಾಯಗಳೊಂದಿಗೆ ಕೊಳಕು ಸೆಲ್‌ನಲ್ಲಿ ಸತ್ತು ಬಿದ್ದಿದ್ದ. 2023ರ ಜುಲೈನಲ್ಲಿ ತನಿಖೆ, 2024ರ ನವೆಂಬರ್‌ನಲ್ಲಿ ವರದಿ, 2025ರ ಜನವರಿಯಲ್ಲಿ ಕೇಸು ಮತ್ತು ಡಿಕ್ರಿ. 2023ರ ಆಗಸ್ಟ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಪೊಲೀಸ್ ಫೋಟೋ ಜಗತ್ತೆಲ್ಲ ಹರಿದಾಡಿತಲ್ಲ, ಅದನ್ನು ತೆಗೆದದ್ದು ಇದೇ ಜೈಲಿನಲ್ಲಿ.

ಭಾಷೆಯ ಬಗ್ಗೆ ಕಾಳಜಿ ಇರುವ ನಮಗೆ ಅರಿಜೋನಾದ ಮಾರಿಕೋಪಾ ಕೌಂಟಿ ಕೇಸು ಹತ್ತಿರದ್ದು. ಅಲ್ಲಿನ ಜೈಲಿನಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದ ಮನವಿ ಫಾರಂಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ, ಇಂಗ್ಲಿಷ್ ಆಜ್ಞೆ ಅರ್ಥವಾಗದವರಿಗೆ ಶಿಕ್ಷೆ ಕೊಡುತ್ತಿದ್ದರು ಎಂಬುದು ಆರೋಪ. 1964ರ ನಾಗರಿಕ ಹಕ್ಕುಗಳ ಕಾನೂನನ್ನೂ ಹಿಡಿದು 2012ರಲ್ಲಿ ಕೇಂದ್ರ ಕೇಸು ಹಾಕಿತು. 2015ರಲ್ಲಿ ಜೈಲಿನ ಭಾಷೆಯ ವಿಷಯ ಒಪ್ಪಂದದಲ್ಲಿ ಮುಗಿಯಿತು.

ಅಧ್ಯಕ್ಷ ಬದಲಾದರೆ ಕೇಸುಗಳೂ ಬದಲಾಗುತ್ತವಾ?

ಆಗುತ್ತವೆ. 2018ರ ನವೆಂಬರ್‌ನಲ್ಲಿ ಆಗಿನ ಅಟಾರ್ನಿ ಜನರಲ್ ಇಂಥ ಡಿಕ್ರಿಗಳಿಗೆ ಕಡಿವಾಣ ಹಾಕಿದರು, 2021ರಲ್ಲಿ ಬಂದವರು ಅದನ್ನು ತೆಗೆದರು. 2025ರ ಮೇನಲ್ಲಿ ಇಲಾಖೆ ಮಿನಿಯಾಪೊಲಿಸ್ ಮತ್ತು ಲೂಯಿವಿಲ್ ಪೊಲೀಸರ ಮೇಲಿನ ಕೇಸುಗಳಿಂದ ಹಿಂದೆ ಸರಿಯಿತು. ರೈಕರ್ಸ್‌ಗೆ ಇಲ್ಲಿ ಒಂದು ಅದೃಷ್ಟ ಇದೆ. ಅಲ್ಲಿ ಕೈದಿಗಳೂ ವಾದಿಗಳು. ಕೇಂದ್ರ ನಾಳೆ ಎದ್ದು ಹೋದರೂ ಕೇಸು ಎದ್ದು ಹೋಗುವುದಿಲ್ಲ.

ನಮ್ಮ ಕಡೆ ಹೀಗೆ ಕೇಂದ್ರ ಸರ್ಕಾರ ಪರಪ್ಪನ ಅಗ್ರಹಾರದ ಮೇಲೆ ಕೇಸು ಹಾಕಬಹುದಾ?

ಅಂಥ ಕಾನೂನು ನಮ್ಮಲ್ಲಿಲ್ಲ. ಜೈಲು ರಾಜ್ಯಪಟ್ಟಿಯ ವಿಷಯ. ನಮ್ಮ ದಾರಿ ಬೇರೆ: ಸಂವಿಧಾನದ 21ನೇ ವಿಧಿ, ಹೈಕೋರ್ಟು, ಸುಪ್ರೀಂ ಕೋರ್ಟು, ಮಾನವ ಹಕ್ಕುಗಳ ಆಯೋಗ. ಕಸ್ಟಡಿಯಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕು ಎಂಬ ನಿಯಮ 1993ರಿಂದ ಇದೆ.

ನಮ್ಮಲ್ಲಿ ಕೇಸು ಹುಟ್ಟುವುದು ಎಷ್ಟೋ ಸಲ ಒಂದು ಕಾಗದದಿಂದ. 1984ರ ಏಪ್ರಿಲ್‌ನಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಸಜಾ ಕೈದಿಯೊಬ್ಬ ಭಾರತದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದ. ತಿನ್ನಲಾಗದ ಊಟ, ಹಿಂಸೆ, ಮಾಡಿದ ಕೆಲಸಕ್ಕೆ ಸಿಗದ ಕೂಲಿ. ಸುಪ್ರೀಂ ಕೋರ್ಟು ಅದನ್ನೇ ಅರ್ಜಿಯೆಂದು ತೆಗೆದುಕೊಂಡಿತು, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳಿಸಿ ವರದಿ ತರಿಸಿತು. 'ರಾಮಮೂರ್ತಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ' ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ದಟ್ಟಣೆ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಹೀಗೆ ಒಂಬತ್ತು ಸಮಸ್ಯೆಗಳನ್ನು ಅದು ಇಡೀ ದೇಶಕ್ಕೆ ಅನ್ವಯಿಸಿ ಪಟ್ಟಿಮಾಡಿತು. ಪತ್ರದಿಂದ ತೀರ್ಪಿಗೆ ಹನ್ನೆರಡೂವರೆ ವರ್ಷ. ಆ ಪತ್ರ ಬರೆದ ಜೈಲು ಇದ್ದ ಜಾಗದಲ್ಲಿ ಇವತ್ತು ಫ್ರೀಡಂ ಪಾರ್ಕ್ ಇದೆ.

ಹತ್ತಿರದ ಕಾಲದ್ದು ಬೇಕಿದ್ದರೆ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ಅದು ಶುರುವಾದದ್ದು ಪತ್ರಕರ್ತೆಯೊಬ್ಬರ ವರದಿ ಮತ್ತು ಅರ್ಜಿಯಿಂದ.

ನಮ್ಮ ಕಡೆಯ ಹುಡುಗ ಅಮೆರಿಕದ ಜೈಲಿನಲ್ಲಿ ಸಿಕ್ಕಿಕೊಂಡರೆ ಮೊದಲು ಏನು ಮಾಡಬೇಕು?

ಗಾಬರಿಯಲ್ಲಿ ಎಲ್ಲರೂ ಅವನಿಗೇ ಫೋನ್ ಮಾಡಲು ನೋಡುತ್ತಾರೆ. ಜೈಲಿನ ಫೋನ್ ರೆಕಾರ್ಡ್ ಆಗುತ್ತದೆ, ಕೇಸಿನ ಮಾತು ಅದರಲ್ಲಿ ಆಡಬೇಡಿ. ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ, ಬಂಧನವಾದ ವಿದೇಶಿಗೆ 'ನಿಮ್ಮ ಕಾನ್ಸುಲೇಟ್‌ಗೆ ತಿಳಿಸಬೇಕಾ' ಎಂದು ಕೇಳಲೇಬೇಕು. ಅವನು ಹೌದು ಎನ್ನಬೇಕು. ನಾಚಿಕೆಗೆ ಬೇಡ ಎಂದುಬಿಡುವವರೂ ಇರುತ್ತಾರೆ. ಮನೆಯವರೂ ನೇರವಾಗಿ ಕಾನ್ಸುಲೇಟ್‌ಗೆ ತಿಳಿಸಬಹುದು.

ಒಳಗೆ ಹಿಂಸೆಯಾದರೆ ನಾಲ್ಕು ಕೆಲಸ: ಜೈಲಿನ ದೂರಿನ ಫಾರಂ ಗಡುವಿನೊಳಗೆ ಕೊಡುವುದು, ಅದರ ನಕಲು ಇಟ್ಟುಕೊಳ್ಳುವುದು, ಗಾಯವನ್ನು ಡಾಕ್ಟರ ದಾಖಲೆಯಲ್ಲಿ ಬರೆಸುವುದು, ದಿನ ಮತ್ತು ಹೊತ್ತು ಗುರುತು ಹಾಕಿಕೊಳ್ಳುವುದು. ನ್ಯಾಯಾಂಗ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗಕ್ಕೆ ಯಾರು ಬೇಕಾದರೂ ದೂರು ಬರೆಯಬಹುದು. ಅವರು ನಿಮ್ಮೊಬ್ಬರ ವಕೀಲರಾಗುವುದಿಲ್ಲ, ಅದಕ್ಕೆ ಬೇರೆ ವಕೀಲರು ಬೇಕು.

ರೈಕರ್ಸ್ ಮುಚ್ತಾರಂತೆ, ಯಾವಾಗ?

2019ರ ಅಕ್ಟೋಬರ್‌ನಲ್ಲಿ ನಗರಸಭೆ ಮುಚ್ಚಲು ಮತ ಹಾಕಿತು. ಬದಲಿಗೆ ಕೋರ್ಟುಗಳಿಗೆ ಹತ್ತಿರವಾಗಿ ನಾಲ್ಕು ಸಣ್ಣ ಜೈಲು ಕಟ್ಟುವುದು ಯೋಜನೆ. ಕಾನೂನಿನಲ್ಲಿ ಈಗಿರುವ ಗಡುವು 2027ರ ಆಗಸ್ಟ್. ನಾಲ್ಕರಲ್ಲಿ ಎಲ್ಲಕ್ಕಿಂತ ಮುಂದಿರುವ ಬ್ರೂಕ್ಲಿನ್ ಜೈಲಿನ ಗುತ್ತಿಗೆಯಲ್ಲೇ ಮುಗಿಯುವ ವರ್ಷ 2029 ಎಂದಿದೆ.